ಉಪನ್ಯಾಸದ ಹುಡುಗಿ

ಮುಂಬಯಿ ಪಕ್ಕದ ಕಲ್ಯಾಣದ ಆ ಕಾಲೇಜಿಗೆ ಜಯಶೀಲ ಅಕೌಂಟ್ಸ್ ಕಲಿಸಲು ಸೇರಿದಾಗ, ಈ ವರ್ಷ ಟೆಂಪರರಿ, ಬರುವ ವರ್ಷ ಪರ್ಮನೆಂಟ್ ಮಾಡೋಣ ಎಂದು ಟ್ರಸ್ಟಿನವರು ಬಾಯಿತುಂಬ ಹೇಳಿದ್ದರು. ಆ ಬರುವ ವರ್ಷ ಬರುತ್ತಲೇ ಇತ್ತು. ಗಾಡಿ ಬರುತ್ತದೆಂದು ಸ್ಟೇಷನ್ನಿನಲ್ಲಿ ಕೂಗಿದಾಗ ಜನ ಬ್ಯಾಗನ್ನು ಎದೆಗೆ ಅವುಚಿಕೊಂಡು ಅಂಚಿಗೆ ಬಂದು ನಿಲ್ಲುತ್ತಾರಲ್ಲ, ಗಾಡಿ ನಿಲ್ಲದೆ ಧೂಳೆಬ್ಬಿಸಿ ಹೊರಟೇ ಹೋಗುತ್ತದಲ್ಲ, ಹಾಗೆ ಒಂದೊಂದು ಜೂನ್ ತಿಂಗಳೂ ಅವನ ಮೂಗಿನ ಮುಂದೆ ಹಾದು ಹೋಗುತ್ತಿತ್ತು. ಅವನ ನಂತರ ಬಂದವರು, ಯಾರದೋ ಅಳಿಯಂದಿರು, ಯಾರದೋ ಅಕ್ಕತಂಗಿಯರ ಮಕ್ಕಳು, ಪರ್ಮನೆಂಟ್ ಆದರು. ಇವನ ಕಿವಿಯ ಪಕ್ಕದ ಕೂದಲು ಬೆಳ್ಳಗಾಯಿತು.

ಊರು ಬೆಳ್ತಂಗಡಿ ಕಡೆ, ಮನೆ ಡೊಂಬಿವಲಿಯ ಪೂರ್ವಕ್ಕೆ, ಮಾತು ಮನೆಯಲ್ಲಿ ತುಳು, ಕಾಲೇಜಿನಲ್ಲಿ ಹಿಂದಿ ಮರಾಠಿ ಇಂಗ್ಲಿಷ್ ಯಾವುದು ಮೊದಲು ಬಾಯಿಗೆ ಬಂತೋ ಅದು. ಪಾಪದ ಮನುಷ್ಯ. ಬೋರ್ಡಿನ ಮೇಲೆ ಲೆಕ್ಕ ಬರೆದು, ಹಿಂದಿನ ಗೋಡೆಯನ್ನು ನೋಡುತ್ತಾ ಪಾಠ ಮಾಡಿ, ಗಂಟೆ ಹೊಡೆದ ಕೂಡಲೇ ಕೈಯ ಸೀಮೆಸುಣ್ಣ ಒರೆಸಿಕೊಂಡು ಹೊರಡುತ್ತಿದ್ದ.

ಹೆಂಡತಿ ಚಂಪಾಳ ತಮ್ಮ ಲತೀಶನಿಗೆ ಕಲ್ಯಾಣ ಸ್ಟೇಷನ್ನಿನ ಹತ್ತಿರ ಒಂದು ಹೋಟೆಲು, ಶಹಾಡದಲ್ಲಿ ಇನ್ನೊಂದು. ಭಿವಂಡಿಯ ಗೋದಾಮುಗಳ ನಡುವೆ ಮೂರನೆಯದಕ್ಕೆ ಗಾರೆ ಕೆಲಸ ನಡೆದಿತ್ತು. ಅಲ್ಲಿ ಗಲ್ಲಾದಲ್ಲಿ ಕೂರಲು ಅವನಿಗೊಬ್ಬ ನಂಬುಗೆಯ ಮನುಷ್ಯ ಬೇಕಿತ್ತು.

"ಭಾವ, ನಿಮ್ಮದು ಲೆಕ್ಕದ ಪಾಠ, ನನ್ನದು ಲೆಕ್ಕ," ಎನ್ನುತ್ತಿದ್ದ ಅವನು. "ಪಾಠ ಬಿಟ್ಟು ಲೆಕ್ಕಕ್ಕೆ ಬನ್ನಿ. ಇಲ್ಲಿ ಸೇರಿದ ದಿನವೇ ಪರ್ಮನೆಂಟ್."

ಲತೀಶನ ಮಗುವಿನ ತೊಟ್ಟಿಲ ದಿನ ನೆಂಟರೆಲ್ಲ ಎಲೆಯ ಮುಂದೆ ಕೂತಿದ್ದಾಗ ಇದೇ ಮಾತು ಮತ್ತೆ ಎದ್ದಿತು. ಎಲ್ಲರೂ ನಕ್ಕರು. ಜಯಶೀಲ ಕೈಯ ತುತ್ತನ್ನು ಎಲೆಗೆ ಹಾಕಿ, ಬರುವ ಜೂನಿನ ಒಳಗೆ ಆರ್ಡರ್ ಕೈಗೆ ಬಾರದಿದ್ದರೆ ನಾನೇ ಬಂದು ನಿನ್ನ ಗಲ್ಲಾದಲ್ಲಿ ಕೂರುತ್ತೇನೆ ಎಂದುಬಿಟ್ಟ. ನೆಂಟರ ಮುಂದೆ ಆಡಿದ ಮಾತು. ಅವರು ಉಂಡದ್ದನ್ನು ಮರೆತಾರು, ಇದನ್ನು ಮರೆಯುವವರಲ್ಲ.

ಆ ವರ್ಷವೇ ಕಾಲೇಜಿಗೆ ದರ್ಜೆ ಕೊಡುವ ಸಮಿತಿ ಬರುವುದೆಂದು ಗೊತ್ತಾಯಿತು. ಗೋಡೆಗಳಿಗೆ ಸುಣ್ಣ ಬಂತು, ಕುಂಡಗಳಲ್ಲಿ ಗಿಡ ಬಂತು, ಗುಣಮಟ್ಟದ ಘಟಕ ಎಂಬ ಬೋರ್ಡು ಬಂತು. ಬೋರ್ಡಿನ ಕೆಳಗೆ ಕೂರಲು ಯಾಮಿನಿ ಮೇಡಂ ಬಂದರು. ಅವರು ಮೈಸೂರಿನವರು. ಗಂಡನಿಗೆ ಐರೋಲಿಯ ಕಂಪನಿಯೊಂದರಲ್ಲಿ ಕೆಲಸವಾಗಿ ನವಿ ಮುಂಬಯಿಗೆ ಬಂದಿದ್ದರು. ಪರಿಣಾಮಕಾರಿ ಬೋಧನೆಯ ಬಗ್ಗೆ ದೊಡ್ಡ ದೊಡ್ಡ ಶಿಬಿರಗಳಿಗೆ ಹೋಗಿ ಬಂದವರು, ಮೃದು ಮಾತು, ಚುರುಕು ಕಣ್ಣು.

ಮೊದಲ ಸಭೆಯಲ್ಲಿ ಅವರು ರಿಫ್ಲೆಕ್ಟಿವ್ ಪ್ರಾಕ್ಟೀಸ್ ಎಂದರೇನೆಂದು ವಿವರಿಸಿದರು. ಪಾಠ ಮುಗಿದ ಮೇಲೆ ಅಧ್ಯಾಪಕ ಕನ್ನಡಿಯಲ್ಲಿ ನೋಡಿಕೊಳ್ಳಬೇಕು ಎಂದರು. ಮರಾಠಿ ಕಲಿಸುವ ಹಿರಿಯರೊಬ್ಬರು, ಕನ್ನಡಿ ಕಾಲೇಜಿನಿಂದ ಕೊಡುತ್ತೀರೋ ನಾವೇ ತರಬೇಕೋ ಎಂದು ತುಂಬ ವಿನಯದಿಂದ ಕೇಳಿದರು. ಕನ್ನಡಿ ಎಂದರೆ ಕಾಗದ ಎಂದು ಆಮೇಲೆ ತಿಳಿಯಿತು. ಪ್ರತಿ ತರಗತಿಯ ನಂತರ ಒಂದು ಪುಟ: ಏನು ಕಲಿಸಿದೆ, ಅವರು ಏನು ಕಲಿತರು, ಇನ್ನು ನಾನು ಏನು ಬದಲಿಸುತ್ತೇನೆ. ಮರಾಠಿ ಸುತ್ತೋಲೆಯಲ್ಲಿ ಇದಕ್ಕೆ ಆತ್ಮಚಿಂತನ ಎಂಬ ಹೆಸರಿತ್ತು. ಸ್ಟಾಫ್ ರೂಮಿನಲ್ಲಿ ಚಹ ಆರುವ ಮೊದಲೇ ಅದು ಚಿಂತೆ ಫೈಲು ಆಯಿತು.

ಪ್ರಿನ್ಸಿಪಾಲ್ ಸಾಹೇಬರು ಜಯಶೀಲನನ್ನು ಮೆಟ್ಟಿಲ ಬಳಿ ನಿಲ್ಲಿಸಿ, ಸಮಿತಿ ನಿಮ್ಮ ಫೈಲನ್ನು ಹೊಗಳಿದರೆ ಆರ್ಡರಿನ ವಿಷಯ ನಾನು ಟ್ರಸ್ಟಿನಲ್ಲಿ ಎತ್ತುತ್ತೇನೆ ಎಂದು ಕಿವಿಯಲ್ಲಿ ಹೇಳಿದರು. ಅಂತೂ ಗಾಡಿ ನಿಲ್ಲುವ ಲಕ್ಷಣ ಕಂಡಿತು.

ಜಯಶೀಲ ಮನಸ್ಸಿಟ್ಟು ಬರೆದ. ಅವನ ಮೊದಲ ಪುಟ ಇಷ್ಟೇ ಇತ್ತು: ಇಂದು ಸವಕಳಿ ಕಲಿಸಿದೆ. ಯಾರಿಗೂ ಅರ್ಥವಾಗಲಿಲ್ಲ. ಯಾಕೆಂದು ನನಗೂ ಗೊತ್ತಾಗಲಿಲ್ಲ.

ಯಾಮಿನಿ ಮೇಡಂ ಅವನನ್ನು ಕರೆಸಿದರು. ಇಬ್ಬರೇ ಇದ್ದಾಗ ಅವರ ಮಾತು ಕನ್ನಡದಲ್ಲೇ.

"ಇದು ರಿಫ್ಲೆಕ್ಷನ್ ಅಲ್ಲ ಜಯಶೀಲ ಅವ್ರೇ, ಕಂಪ್ಲೇಂಟು. ಪುಟದ ಕೊನೇಲಿ ಏನಾದ್ರೂ ಬೆಳವಣಿಗೆ ಕಾಣಿಸ್ಬೇಕು."

"ಬೆಳೀಲಿಲ್ಲ ಮೇಡಂ."

"ಬೆಳೆಸಿ," ಎಂದರು ಮೇಡಂ.

ಉಳಿದವರಿಗೆ ಇದು ಕಷ್ಟವಾಗಲಿಲ್ಲ. ಕೆಮಿಸ್ಟ್ರಿಯವರು ಒಂದು ಪುಟವನ್ನು ಚೆನ್ನಾಗಿ ಬೆಳೆಸಿಟ್ಟಿದ್ದರು. ಅದನ್ನೇ ಎಲ್ಲರೂ ಜೆರಾಕ್ಸ್ ಮಾಡಿಸಿ ತಾರೀಕು ಬದಲಿಸಿ ಸಹಿ ಹಾಕಿದರು. ಇತಿಹಾಸದವರು ಅವಸರದಲ್ಲಿ ಓದದೆ ಸಹಿ ಹಾಕಿದ್ದರಿಂದ, ಪೇಶ್ವೆಗಳ ಪಾಠದ ನಂತರ ವಿದ್ಯಾರ್ಥಿಗಳು ಬೀಕರ್ ತೊಳೆಯುವುದರಲ್ಲಿ ಒಳ್ಳೆಯ ಪ್ರಗತಿ ತೋರಿದರು ಎಂದು ಅವರ ಫೈಲಿನಲ್ಲಿ ಇವತ್ತಿಗೂ ಇದೆ.

ಜಯಶೀಲನಿಗೆ ಜೆರಾಕ್ಸ್ ಮಾಡುವ ಧೈರ್ಯ ಬರಲಿಲ್ಲ. ಅವನು ಕೂತು ಯೋಚಿಸಿ ಒಬ್ಬ ಹುಡುಗಿಯನ್ನು ಮಾಡಿದ. ಪುಷ್ಪಾವತಿ ಎಂದು ಹೆಸರಿಟ್ಟ. ದಿವಾದಲ್ಲಿ ಮನೆ ಕೊಟ್ಟ, ಯಾಕೆಂದರೆ ದಿವಾ ಎಂದ ಕೂಡಲೇ ಅಲ್ಲಿನ ಸ್ಟೇಷನ್ನಿನ ನೂಕುನುಗ್ಗಲು ನೆನೆದು ಯಾರಿಗಾದರೂ ಅಯ್ಯೋ ಎನಿಸುತ್ತದೆ. ಮೂರನೆಯ ಬೆಂಚಿನಲ್ಲಿ ಕಿಟಕಿಯ ಪಕ್ಕ ಅವಳನ್ನು ಕೂರಿಸಿದ. ಅವಳು ಎದ್ದು ನಿಂತು, ಸರ್, ಸವಕಳಿ ಎಂದು ಖರ್ಚು ಬರೆದಿರಿ, ಆದರೆ ದುಡ್ಡು ಯಾರ ಕೈಗೂ ಹೋಗಲಿಲ್ಲವಲ್ಲ, ಮತ್ತೆ ಅದು ಖರ್ಚು ಹೇಗೆ ಎಂದು ಕೇಳಿದಳು ಎಂದು ಬರೆದ.

ಬರೆದವನ ಪೆನ್ನು ಅಲ್ಲೇ ನಿಂತಿತು. ಅವನಿಗೇ ಉತ್ತರ ಗೊತ್ತಿರಲಿಲ್ಲ. ಇಷ್ಟು ವರ್ಷ, ಡೆಬಿಟ್ ಬದಿಗೆ ಬರೆದುಕೊಳ್ಳಿ ಎಂದಷ್ಟೇ ಹೇಳುತ್ತ ಬಂದಿದ್ದ. ಯಾರೂ ಕೇಳಿರಲಿಲ್ಲ. ಈಗ ಕೇಳಿದವಳು ಇಲ್ಲದ ಹುಡುಗಿ. ಆದರೂ ಪುಟದ ಕೊನೆಗೆ ಬೆಳವಣಿಗೆ ಬೇಕಲ್ಲ, ಉತ್ತರ ಕೊಡದೆ ಗತಿಯಿರಲಿಲ್ಲ.

ಮರುದಿನ ಲತೀಶನ ಹೋಟೆಲಿಗೆ ಚಹಕ್ಕೆ ಹೋದಾಗ ಹಿಂದಿನ ಅಂಗಳದಲ್ಲಿ ಒಬ್ಬ ಕೂತು ಗ್ರೈಂಡರಿನ ಸವೆದ ಕಲ್ಲಿಗೆ ಚಾಣ ಹೊಡೆಯುತ್ತಿದ್ದ. ಜಯಶೀಲ ಬಹಳ ಹೊತ್ತು ನೋಡುತ್ತ ನಿಂತ. ದಿನಾ ರುಬ್ಬುವಾಗ ಕಲ್ಲು ಒಂದಿಷ್ಟು ಸವೆಯುತ್ತದೆ. ಆ ಸವೆದದ್ದು ಎಲ್ಲಿ ಹೋಯಿತು? ದೋಸೆಯ ಒಳಗೇ ಹೋಯಿತು. ತಿಂದವನು ಅಕ್ಕಿ ಉದ್ದಿನ ಜೊತೆಗೆ ಕಲ್ಲಿನದೂ ಬೆಲೆ ಕೊಡಬೇಡವೇ? ಇವತ್ತು ಯಾರಿಗೂ ದುಡ್ಡು ಕೊಡಲಿಲ್ಲ ನಿಜ, ಕಲ್ಲು ತಂದ ದಿನವೇ ಕೊಟ್ಟಾಗಿದೆ. ಅದನ್ನೇ ಒಂದೊಂದು ದೋಸೆಗೆ ಹಂಚುವುದು.

ಇದನ್ನು ಅವನು ಪುಷ್ಪಾವತಿಗೆ ವಿವರಿಸಿದಂತೆ ಬರೆದ. ತರಗತಿಯಲ್ಲೂ ಇದೇ ಹೋಟೆಲಿನ ಕಲ್ಲಿನ ಉದಾಹರಣೆ ಕೊಟ್ಟ. ಯಾಮಿನಿ ಮೇಡಂ ಪುಟದ ತಲೆಯ ಮೇಲೆ ಕೆಂಪು ನಕ್ಷತ್ರ ಬಿಡಿಸಿದರು.

ಅಲ್ಲಿಂದ ಅದು ರೂಢಿಯಾಯಿತು. ಸಂಜೆಗೆ ಪುಟ ತುಂಬಬೇಕಾದರೆ ಪುಷ್ಪಾವತಿ ಏನಾದರೂ ಕೇಳಬೇಕು, ಅವಳು ಕೇಳಬೇಕಾದರೆ ಅವಳಿಗೆ ಎಲ್ಲಿ ತೊಡಕಾಗುತ್ತದೆಂದು ಇವನಿಗೆ ತಿಳಿಯಬೇಕು. ಬೆಳಿಗ್ಗೆ ಡೊಂಬಿವಲಿಯ ಗಾಡಿಯಲ್ಲಿ ನಿಂತು ಅದನ್ನೇ ಯೋಚಿಸುತ್ತಿದ್ದ. ತರಗತಿಯಲ್ಲಿ ಹಿಂದಿನ ಗೋಡೆ ನೋಡುವುದು ಬಿಟ್ಟು ಮೂರನೆಯ ಬೆಂಚಿನ ಕಿಟಕಿಯ ಕಡೆ ನೋಡತೊಡಗಿದ. ಅಲ್ಲಿಗೆ ಅರ್ಥವಾಯಿತೆಂದು ಕಂಡ ಮೇಲೆಯೇ ಮುಂದಿನ ಸಾಲು. ಇಲ್ಲದಿದ್ದರೆ ಬೋರ್ಡು ಒರೆಸಿ ಇನ್ನೊಮ್ಮೆ.

ಹುಡುಗರು ಇದನ್ನು ಗಮನಿಸದೆ ಇರುತ್ತಾರೆಯೇ. ಸರ್‌ಗೆ ಅಲ್ಲಿ ಯಾರೋ ಕಾಣಿಸುತ್ತಾರೆ ಎಂದು ಮೊದಲು ಆ ಜಾಗವನ್ನೇ ಖಾಲಿ ಬಿಟ್ಟರು. ಆಮೇಲೆ, ಅದರ ಆಸುಪಾಸು ಕೂತರೆ ಪಾಠ ನೆಟ್ಟಗೆ ತಲೆಗೆ ಇಳಿಯುತ್ತದೆ ಎಂದು ಯಾರೋ ಕಂಡುಹಿಡಿದರು. ಮಧ್ಯದ ಬೆಂಚುಗಳಿಗೆ ನೂಕಾಟ ಶುರುವಾಯಿತು, ಕಿಟಕಿಯ ಪಕ್ಕದ ಆ ಒಂದು ಮೂಲೆ ಮಾತ್ರ ಹಾಗೇ ಉಳಿಯಿತು. ಸಮಿತ್ ಎಂಬವನೊಬ್ಬನಿದ್ದ. ಮನೆಯಲ್ಲಿ ಕನ್ನಡ ಕೇಳಿ ಹಿಂದಿಯಲ್ಲಿ ಉತ್ತರ ಕೊಡುವ ಹುಡುಗ. ಅವನು ಗೆಳೆಯರನ್ನು ಕಟ್ಟಿಕೊಂಡು ಲತೀಶನ ಹೋಟೆಲಿಗೆ ಹೋಗಿ, ನಾಲ್ಕು ಮಸಾಲೆ, ಪತ್ಥರ್ ಥೋಡಾ ಕಮ್, ಕಲ್ಲು ಸ್ವಲ್ಪ ಕಮ್ಮಿ ಎಂದು ಆರ್ಡರ್ ಕೊಟ್ಟ.

ಆ ರವಿವಾರ ಲತೀಶ ಅಕ್ಕನ ಮನೆಗೇ ಬಂದ.

"ಭಾವ, ನಿಮಗೆ ನನ್ನ ಮೇಲೆ ಎಂತ ಸಿಟ್ಟು? ನಮ್ಮ ದೋಸೆಯಲ್ಲಿ ಕಲ್ಲುಂಟು ಅಂತ ಕಾಲೇಜಲ್ಲಿ ಪಾಠ ಮಾಡ್ತಾ ಇದ್ದೀರಂತೆ?"

ಜಯಶೀಲ ಸವಕಳಿಯನ್ನು ವಿವರಿಸಿದ. ಲತೀಶ ಪೂರ್ತಿ ಕೇಳಿಸಿಕೊಂಡು, ಹಾಗಾದರೆ ಗಿರಾಕಿಗೆ ಕಲ್ಲಿನ ರೇಟು ಬೇರೆ ಹಾಕಬಹುದೋ ಎಂದು ಕೇಳಿದ.

ಚಂಪಾಳ ತಕರಾರು ಬೇರೆ. ಬಟ್ಟೆ ಮಡಚುವಾಗ ಮೇಜಿನ ಮೇಲಿದ್ದ ಫೈಲನ್ನು ಓದಿಬಿಟ್ಟಿದ್ದಳು.

"ಈ ಪುಷ್ಪಾವತಿ ಯಾರು?"

"ಯಾರೂ ಅಲ್ಲ. ಸುಮ್ಮನೆ ಬರೆದದ್ದು."

"ಯಾರೂ ಅಲ್ಲದವಳಿಗೆ ಇಷ್ಟು ಪುಟವಾ? ನನ್ನ ಬಗ್ಗೆ ಒಂದು ಗೆರೆ ಬರೆದದ್ದುಂಟಾ ನೀವು?" ಎಂದಳು. ಫೈಲನ್ನು ಮೇಜಿನ ಮೇಲಿಟ್ಟು, "ಹೆಸರಾದರೂ ಸರಿ ಇಡಬಾರದಾ. ಈಗಿನ ಕಾಲೇಜು ಹುಡುಗಿಗೆ ಯಾರಾದರೂ ಪುಷ್ಪಾವತಿ ಅಂತ ಇಡ್ತಾರಾ," ಎಂದು ಸೇರಿಸಿದಳು.

ಸಮಿತಿ ಫೆಬ್ರವರಿಯಲ್ಲಿ ಬಂತು. ಅಧ್ಯಕ್ಷರು ಉತ್ತರದ ಕಡೆಯ ಯಾವುದೋ ವಿಶ್ವವಿದ್ಯಾಲಯದ ವಯಸ್ಸಾದ ಪ್ರಾಧ್ಯಾಪಕರು. ಹಾರ, ಶಾಲು, ಸ್ವಾಗತ ಗೀತೆ ಎಲ್ಲವನ್ನೂ ಕಣ್ಣು ಮುಚ್ಚಿ ಸಹಿಸಿದರು. ಗುಣಮಟ್ಟದ ಘಟಕದಲ್ಲಿ ರಿಬ್ಬನ್ ಕಟ್ಟಿದ ಫೈಲುಗಳನ್ನು ಒಂದೊಂದಾಗಿ ತೆರೆದು ಮುಚ್ಚಿದರು. ಬೀಕರಿನ ಹತ್ತಿರ ಸ್ವಲ್ಪ ತಡೆದು ಮುಂದೆ ಹೋದರು. ಜಯಶೀಲನ ಫೈಲು ಕೈಗೆ ಬಂದ ಮೇಲೆ ಮಾತ್ರ ಕೂತುಬಿಟ್ಟರು. ಚಹ ಬಂತು, ಆರಿತು, ಇನ್ನೊಂದು ಬಂತು. ಅವರು ಓದುತ್ತಲೇ ಇದ್ದರು. ಕೊನೆಗೆ ತಲೆಯೆತ್ತಿ, ಈ ಹುಡುಗಿಯನ್ನು ನೋಡಬೇಕು, ಕರೆಸಿ ಎಂದರು.

ಪ್ರಿನ್ಸಿಪಾಲರು ಸಂತೋಷದಿಂದ ಆಫೀಸಿಗೆ ಆಳು ಕಳಿಸಿದರು. ಆಳು ಬಂದು ಕಿವಿಯಲ್ಲಿ ಏನೋ ಹೇಳಿದ. ಪುಷ್ಪಾವತಿ ಎಂಬ ಹೆಸರು ಕಾಲೇಜಿನಲ್ಲೇ ಇರಲಿಲ್ಲ. ಸಾಹೇಬರ ಮುಖದ ಬಣ್ಣ ಹೊಸ ಸುಣ್ಣದ ಗೋಡೆಗೆ ಸೇರಿಹೋಯಿತು. ಆದರೂ ಅವರು ಎಷ್ಟೋ ಸಮಿತಿಗಳನ್ನು ಕಂಡವರು. ಲೈಬ್ರರಿಯಲ್ಲಿ ಯಾವಳಾದರೂ ಜಡೆಯ ಹುಡುಗಿ ಇದ್ದರೆ ಹೆಸರು ಹೇಳಿಕೊಟ್ಟು ಕರೆದುಕೊಂಡು ಬಾ ಎಂದು ಮರಾಠಿಯಲ್ಲಿ ಪಿಸುಗುಟ್ಟಿದರು. ಜಯಶೀಲನ ಕಡೆ ತಿರುಗಿ ಕಣ್ಣಲ್ಲೇ, ಅವಳು ಬಂದಾಗ ಹೌದು ಎನ್ನು ಎಂದರು. ಹೌದು ಎಂದರೆ ಆರ್ಡರು. ಇಲ್ಲ ಎಂದರೆ ಭಿವಂಡಿ.

ಅಷ್ಟರಲ್ಲಿ ಅಧ್ಯಕ್ಷರು ಜಯಶೀಲನನ್ನೇ ಹಿಡಿದರು. "ಪ್ರೊಫೆಸರ್ ಸಾಹಬ್, ಕೌನ್ ಹೈ ಯೇ ಪುಷ್ಪಾವತೀ?"

ಜಯಶೀಲನ ಹಿಂದಿ ಎಂದರೆ ತರಕಾರಿ ಮಾರುಕಟ್ಟೆಯ, ರಿಕ್ಷಾ ಸ್ಟ್ಯಾಂಡಿನ ಹಿಂದಿ. ದೊಡ್ಡವರ ಮುಂದೆ ಅದು ಸಲ್ಲದೆಂದು ಅವನಿಗೆ ತೋರಿತು. ಲೆಕ್ಚರ್ ಎನ್ನಬಹುದಿತ್ತು. ಶುದ್ಧವಾದ, ತೂಕದ ಮಾತೇ ಇರಲಿ ಎಂದು ಊರಿನ ಶಾಲೆಯಲ್ಲಿ ಕಲಿತ ಕನ್ನಡದಿಂದಲೇ ಒಂದನ್ನು ಎತ್ತಿ, "ಸರ್, ವೋ ಮೇರೇ ಉಪನ್ಯಾಸ್ ಕೀ ಲಡಕೀ ಹೈ," ಎಂದ.

ನನ್ನ ಪಾಠಕ್ಕೆ ಕೂರುವ ಹುಡುಗಿ ಎಂದು ಅವನ ಮನಸ್ಸಿನಲ್ಲಿದ್ದದ್ದು. ಅದು ಸುಳ್ಳು. ಆದರೆ ಹಿಂದಿಯವರಿಗೆ ಉಪನ್ಯಾಸ ಎಂದರೆ ಕಾದಂಬರಿ. ಅವರಿಗೆ ಕೇಳಿಸಿದ್ದು, ಅವಳು ನನ್ನ ಕಾದಂಬರಿಯ ಹುಡುಗಿ ಎಂದು. ಅದು ಅಪ್ಪಟ ನಿಜ.

ಅಧ್ಯಕ್ಷರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಯೇ ಪೂರಾ ಉಪನ್ಯಾಸ್ ಹೈ?"

"ಪೂರಾ, ಸರ್. ರೋಜ್ ಏಕ್ ಘಂಟಾ."

"ಕಬ್ ಸೇ?"

"ಸಾತ್ ಸಾಲ್ ಸೇ. ಮೇರೇಕೋ ದೂಸ್ರಾ ಕುಛ್ ಆತಾ ನಹೀಂ, ಸರ್." ಏಳು ವರ್ಷದಿಂದ ದಿನಕ್ಕೊಂದು ಗಂಟೆ ಪಾಠ, ಬೇರೇನೂ ತನಗೆ ಬಾರದು ಎಂಬುದು ಅವನ ಅರ್ಥ.

ಯಾರಾದರೂ ಕೇಳುತ್ತಾರೆಯೇ ಎಂದು ಅಧ್ಯಕ್ಷರು ಕೇಳಿದರು. ಮುಂದಿನವರು ಕೇಳುತ್ತಾರೆ, ಹಿಂದಿನ ಬೆಂಚಿನವರು ಮಲಗುತ್ತಾರೆ ಎಂದು ಜಯಶೀಲ ಪ್ರಾಮಾಣಿಕವಾಗಿ ಹೇಳಿದ. ಯಾಮಿನಿ ಮೇಡಂ ಹೌದೆಂದು ತಲೆಯಾಡಿಸಿದರು. ಅವರೂ ಕನ್ನಡದ ಕಿವಿಯವರೇ ತಾನೆ. ಹಿಂದಿ ಬಲ್ಲ ಪ್ರಿನ್ಸಿಪಾಲರು ಮಾತ್ರ ಕುರ್ಚಿಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಅಧ್ಯಕ್ಷರು ನಗತೊಡಗಿದರು, ನಕ್ಕು ನಕ್ಕು ಶಾಲಿನ ತುದಿಯಿಂದ ಕಣ್ಣೊರೆಸಿಕೊಂಡರು.

ಆಗಲೇ ಬಾಗಿಲಲ್ಲಿ ಜಡೆಯ ಹುಡುಗಿಯೊಬ್ಬಳು ನಿಂತು, ತಗ್ಗಿದ ದನಿಯಲ್ಲಿ, "ಮೀ ಪುಷ್ಪಾವತೀ," ಎಂದಳು.

ಕಾದಂಬರಿಯೊಳಗಿಂದ ಎದ್ದು ಬಂದವಳನ್ನು ಅಧ್ಯಕ್ಷರು ಅಡಿಯಿಂದ ಮುಡಿಯವರೆಗೆ ನೋಡಿದರು. ಆಮೇಲೆ ಪ್ರಿನ್ಸಿಪಾಲರನ್ನು ನೋಡಿದರು. ಸಮಿತಿಯ ಇನ್ನೊಬ್ಬರು ಉಪನ್ಯಾಸ ಎಂದರೆ ನಾವೆಲ್ ಎಂದು ಜಯಶೀಲನಿಗೆ ಮೆಲ್ಲಗೆ ಬಿಡಿಸಿ ಹೇಳಿದರು. ತಪ್ಪು ಮಾತು ಬಂತು ಸರ್, ಹುಡುಗಿ ಇವಳೇ ಎನ್ನಲು ಇನ್ನೂ ದಾರಿಯಿತ್ತು. ಸಾಹೇಬರು ಅದಕ್ಕಾಗಿಯೇ ಅವನನ್ನು ದಿಟ್ಟಿಸುತ್ತಿದ್ದರು.

ಜಯಶೀಲ ಹುಡುಗಿಯನ್ನು ನೋಡಿದ. ಅವಳು ಹೆದರಿ ಜಡೆಯ ತುದಿಯನ್ನು ತಿರುಚುತ್ತಿದ್ದಳು. ಏನು ಹೇಳಿಕೊಟ್ಟರೋ ಅದನ್ನು ಒಪ್ಪಿಸಿದವಳು, ಯಾಕೆಂದು ಕೇಳದವಳು. ಪುಷ್ಪಾವತಿಯಾಗಿದ್ದರೆ ಹೀಗೆ ಮಾಡುತ್ತಿದ್ದಳೇ ಎಂದು ಅವನಿಗೆ ಅನಿಸಿತು. ಅರ್ಥವಾಗದ್ದನ್ನು ಹೌದು ಎಂದವಳೇ ಅಲ್ಲ ಅವಳು.

"ಯೇ ಪುಷ್ಪಾವತೀ ನಹೀಂ ಹೈ, ಸರ್," ಎಂದ. "ಪುಷ್ಪಾವತೀ ಹೈಚ್ ನಹೀಂ. ಮೈನೇ ಬನಾಯಾ." ಅಂಥವಳು ಇಲ್ಲವೇ ಇಲ್ಲ, ತಾನೇ ಕಟ್ಟಿದವಳು ಎಂದು ಒಪ್ಪಿಕೊಂಡ.

ಮನೆಗೆ ಹೋಗಿ ಚಂಪಾಳಿಗೆ ವಿಷಯ ಹೇಳಿದ. ಲತೀಶನಿಗೂ ಫೋನ್ ಮಾಡಿ ಗಲ್ಲಾದ ಕುರ್ಚಿ ತಯಾರಿಡಲು ತಿಳಿಸಿದ. ಮೆತ್ತೆಯದ್ದು ತರಿಸ್ತೇನೆ ಭಾವ ಎಂದು ಅವನು ಸಂಭ್ರಮಪಟ್ಟ.

ಆದರೆ ಸಮಿತಿಗಳ ರೀತಿಯೇ ಬೇರೆ. ಏಪ್ರಿಲಿನಲ್ಲಿ ವರದಿ ಬಂತು. ಕಲ್ಪಿತ ವಿದ್ಯಾರ್ಥಿಯ ಮೂಲಕ ಆತ್ಮಾವಲೋಕನ ಮಾಡುವ ಈ ಪದ್ಧತಿ ಅಪರೂಪದ್ದು, ಇದನ್ನು ಸಂಸ್ಥೆಯ ಎಲ್ಲ ವಿಭಾಗಗಳಿಗೂ ವಿಸ್ತರಿಸಬೇಕು ಎಂದು ಅದರಲ್ಲಿ ದಪ್ಪ ಅಕ್ಷರದಲ್ಲಿತ್ತು. ಜಡೆಯ ಹುಡುಗಿಯ ಸುದ್ದಿಯೇ ಇರಲಿಲ್ಲ. ಕಾಲೇಜಿನ ದರ್ಜೆ ಏರಿತು. ಪ್ರಿನ್ಸಿಪಾಲರು ಈ ಪದ್ಧತಿಯನ್ನು ತಾವೇ ಮೊದಲಿಂದ ಬೆಳೆಸಿದ್ದಾಗಿ ಭಾಷಣ ಮಾಡಿದರು. ಜೂನಿಗೆ ಮುಂಚೆಯೇ ಜಯಶೀಲನ ಕೈಗೆ ಆರ್ಡರ್ ಬಂತು. ಪರ್ಮನೆಂಟ್. ಕಥನ ಮತ್ತು ಚಿಂತನ ವಿಭಾಗದ ಮುಖ್ಯಸ್ಥ. ಬೇರೆ ಕೋಣೆ, ಬೇರೆ ಫ್ಯಾನು, ಮೆತ್ತೆಯ ಕುರ್ಚಿ. ಕೆಳಗೆ ಸಣ್ಣ ಅಕ್ಷರದಲ್ಲಿ, ತರಗತಿಗಳು: ಇಲ್ಲ.

ಹೊಸ ವರ್ಷದಿಂದ ಪ್ರತಿಯೊಬ್ಬ ಅಧ್ಯಾಪಕರೂ ಒಬ್ಬೊಬ್ಬ ವಿದ್ಯಾರ್ಥಿಯನ್ನು ಕಲ್ಪಿಸಿಕೊಳ್ಳುವುದು ಕಡ್ಡಾಯವಾಯಿತು. ಫೈಲುಗಳೆಲ್ಲ ಜಯಶೀಲನ ಮೇಜಿಗೆ. ಕಲ್ಪಿತರೆಲ್ಲರೂ ಬಡವರು, ಎಲ್ಲರೂ ಬುದ್ಧಿವಂತರು, ಎಲ್ಲರೂ ದಿವಾದವರು. ಅಷ್ಟೂ ಮಂದಿ ಒಂದೇ ಬೆಳಿಗ್ಗೆ ಹತ್ತಿದರೆ ದಿವಾದ ಗಾಡಿ ಎರಡಾಗಿ ಬಿರಿಯುವುದು ಖಂಡಿತವಿತ್ತು. ಕೆಲವರನ್ನಾದರೂ ಶಹಾಡದ ಕಡೆಗೆ ಕಳಿಸಬೇಕಾಗಿ ವಿನಂತಿ ಎಂದು ಅವನೊಂದು ಸುತ್ತೋಲೆ ಹೊರಡಿಸಬೇಕಾಯಿತು. ನಿಜವಾದ ವಿದ್ಯಾರ್ಥಿಗಳ ಬಗ್ಗೆ ಬರೆಯುವ ರೂಢಿ ಪೂರ್ತಿ ನಿಂತಿತು, ಅದಕ್ಕೆ ಅಂಕವಿರಲಿಲ್ಲ.

ಒಂದು ತಿಂಗಳು ಹೀಗೇ ಹೋಯಿತು. ಜಯಶೀಲನ ಬೆರಳುಗಳೆಲ್ಲ ಏನೋ ಕಳಕೊಂಡ ಹಾಗೆ ಚಡಪಡಿಸುತ್ತಿದ್ದವು. ಕೊನೆಗೆ ಪ್ರಿನ್ಸಿಪಾಲರ ಕೋಣೆಗೆ ಹೋಗಿ, ಒಂದೇ ಒಂದು ತರಗತಿ ಕೊಡಿ ಎಂದು ಬೇಡಿದ. ಸಾಹೇಬರಿಗೆ ಅದು ಅರ್ಥವೇ ಆಗಲಿಲ್ಲ. ಪರ್ಮನೆಂಟ್ ಆದ ಮೇಲೂ ಪಾಠ ಮಾಡುವುದೆಂದರೇನು, ಅದಕ್ಕೆಂದೇ ಟೆಂಪರರಿಯವರನ್ನು ಇಟ್ಟುಕೊಂಡಿಲ್ಲವೇ ಎಂದರು.

ಲತೀಶ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಹಾಗಾದ್ರೆ ವ್ಯತ್ಯಾಸ ಎಂತ ಭಾವ? ನನ್ನಲ್ಲೂ ಕುರ್ಚಿ, ಅಲ್ಲೂ ಕುರ್ಚಿ. ಇಲ್ಲಾದ್ರೆ ದೋಸೆ ಫ್ರೀ."

ಅಕೌಂಟ್ಸ್ ತರಗತಿಗೆ ಈಗ ಬರುತ್ತಿದ್ದವಳು ಸೌಜನ್ಯ, ಕಾಪುವಿನ ಕಡೆಯವರ ಮಗಳು, ಠಾಣೆಯಲ್ಲಿ ಹುಟ್ಟಿ ಬೆಳೆದವಳು, ಟೆಂಪರರಿ. ಒಂದು ದಿನ ಅವಳು ಫೈಲು ಕೊಡಲು ಬಂದು ಅಲ್ಲೇ ನಿಂತಳು. ಅವಳ ಕಲ್ಪಿತ ವಿದ್ಯಾರ್ಥಿಗೆ ಅಜ್ಜಿ ಇದ್ದಳು, ಕಳೆದುಹೋದ ತಮ್ಮ ಇದ್ದ, ಮಳೆಗಾಲದಲ್ಲಿ ಗಾಡಿ ನಿಂತು ಪರೀಕ್ಷೆ ತಪ್ಪುವ ಸಂಕಟ ಇತ್ತು. ಓದಿದರೆ ಕೆಳಗಿಡಲು ಮನಸ್ಸು ಬಾರದು.

"ಬರೆಯೋದು ಬರ್ತದೆ ಸರ್," ಎಂದಳು. "ಕ್ಲಾಸಿಗೆ ಹೋದರೆ ಹೆದರಿಕೆ ಆಗ್ತದೆ. ಸ್ಲೈಡ್ ಓದಿ ಓಡಿ ಬರ್ತೇನೆ."

ಜಯಶೀಲ ಎದ್ದು ಬಾಗಿಲು ಮುಂದೆ ಮಾಡಿದ. ಇಬ್ಬರೂ ಬಹಳ ಹೊತ್ತು ಮಾತಾಡಿದರು. ಮರುದಿನದಿಂದ ಅವನ ಕುರ್ಚಿಯಲ್ಲಿ ಕೂತು ಸೌಜನ್ಯ ಇಡೀ ಕಾಲೇಜಿನ ಚಿಂತನೆಯನ್ನು ಬರೆಯತೊಡಗಿದಳು. ಅವಳ ಹೆಸರಿನ ತರಗತಿಗೆ ಜಯಶೀಲ ಹೋಗತೊಡಗಿದ. ಕಾಗದದ ಪ್ರಕಾರ ಪರ್ಮನೆಂಟ್ ಮನುಷ್ಯ ಪಾಠ ಮಾಡುತ್ತಿರಲಿಲ್ಲ, ಟೆಂಪರರಿ ಹುಡುಗಿ ಮಾಡುತ್ತಿದ್ದಳು, ಸಾಹೇಬರ ವ್ಯವಸ್ಥೆಗೆ ಎಲ್ಲೂ ಭಂಗ ಬರಲಿಲ್ಲ. ಯಾಮಿನಿ ಮೇಡಂ ಒಮ್ಮೆ ಕಿಟಕಿಯಿಂದ ಅವನನ್ನು ಬೋರ್ಡಿನ ಮುಂದೆ ಕಂಡರು. ಒಂದು ಗಳಿಗೆ ನಿಂತರು. ಕೈಯಲ್ಲಿದ್ದ ಪೆನ್ನಿಗೆ ಮುಚ್ಚಳ ಹಾಕಿಕೊಂಡು ಮುಂದೆ ಹೋದರು.

ಮೊದಲ ದಿನ ಗುಡ್‌ವಿಲ್ ಎಂಬ ಪಾಠ. ಅಂಗಡಿಯ ಒಳ್ಳೆಯ ಹೆಸರಿಗೂ ಒಂದು ಬೆಲೆ ಇರುತ್ತದೆ, ಅದೂ ಆಸ್ತಿಯೇ, ಅದನ್ನೂ ಲೆಕ್ಕದಲ್ಲಿ ತೋರಿಸಬಹುದು ಎಂದು ಜಯಶೀಲ ಬೋರ್ಡಿನ ಮೇಲೆ ಬರೆದು ತಿರುಗಿದ. ಮೂರನೆಯ ಬೆಂಚಿನ ಕಿಟಕಿಯ ಪಕ್ಕ ಸಮಿತ್ ಕೂತಿದ್ದ. ಕೈ ಎತ್ತಿಯೇ ಎದ್ದು ನಿಂತ.

"ಸರ್, ದುಕಾನ್ ಕಾ ನಾಮ್ ನೌಕರ್ ಲೋಗ್ ನೇ ಬನಾಯಾ, ಮಾಲಿಕ್ ತೋ ಖಡೂಸ್ ಹೈ. ತೋ ಗುಡ್‌ವಿಲ್ ಕಿಸ್ಕಾ?"

ಅಂಗಡಿಗೆ ಹೆಸರು ತಂದವರು ನೌಕರರು, ಯಜಮಾನ ಸಿಡುಕ, ಹಾಗಾದರೆ ಗುಡ್‌ವಿಲ್ ಯಾರದು: ಪುಷ್ಪಾವತಿ ಇಂಥದ್ದನ್ನು ಎಂದೂ ಕೇಳಿರಲಿಲ್ಲ. ಜಯಶೀಲ ಸೀಮೆಸುಣ್ಣವನ್ನು ಬೆರಳುಗಳ ನಡುವೆ ಉರುಳಿಸುತ್ತ ನಿಂತ. ಬೋರ್ಡು ನೋಡಿದ, ಕಿಟಕಿ ನೋಡಿದ, ಹುಡುಗನ ಮುಖ ನೋಡಿದ.

"ಮಾಲೂಮ್ ನಹೀಂ," ಎಂದ. "ಬೈಠ್. ಸೋಚ್‌ಕೇ ಕಲ್ ಬತಾತಾ ಹೂಂ."

ಗೊತ್ತಿಲ್ಲ, ಯೋಚಿಸಿ ನಾಳೆ ಹೇಳುತ್ತೇನೆ ಎಂದು ಸರ್ ಹೇಳಿದ್ದು ಇದೇ ಮೊದಲು. ಹಿಂದಿನ ಬೆಂಚಿನಲ್ಲಿ ಮಲಗಿದ್ದವರಲ್ಲಿ ಇಬ್ಬರು ತಲೆಯೆತ್ತಿ, ಸರ್ ಏನಂದರು ಎಂದು ಪಕ್ಕದವರನ್ನು ಕೇಳಿದರು.